ತಂಬಾಕಲ್ಲ, ಹಲ್ಲುಪುಡಿ

ಚೆಂಬೂರು, ಮುಂಬಯಿ
ಹೆಂಗಸರ ವಾರ್ಡು, ಹನ್ನೊಂದನೆಯ ಮಂಚ
೧೧ ನವೆಂಬರ್ ೨೦೨೫, ಮಂಗಳವಾರ

ಮುಬೀನಾ, ನನ್ನ ಮುಬೀ,

ಅಕ್ಷರ ಸೊಟ್ಟಗಿವೆ ಎಂದು ಗಾಬರಿಯಾಗಬೇಡ. ಮಲಗಿಕೊಂಡು, ಎದೆಯ ಮೇಲೆ ಎಕ್ಸ್‌ರೇ ಲಕೋಟೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ನಿನಗೆ ಕಾಗದ ಬರೆದು ಇಪ್ಪತ್ತು ವರ್ಷವಾದರೂ ಆಗಿರಬೇಕು. ಫೋನು ಮಾಡಬಾರದೇನೇ ಎನ್ನುತ್ತೀ. ಮಾಡಲಾರೆ. ನನಗೆ ಬಾಯಿಯ ಕ್ಯಾನ್ಸರ್ ಆಗಿದೆ. ಹೋದ ತಿಂಗಳ ಮೂವತ್ತಕ್ಕೆ ಆಪರೇಷನ್ ಆಯಿತು. ಉಸಿರಾಡಲಿಕ್ಕೆಂದು ಕತ್ತಿಗೆ ತೂತು ಮಾಡಿ ನಳಿಗೆ ಇಟ್ಟಿದ್ದಾರೆ. ಗಾಳಿ ಅಲ್ಲಿಂದಲೇ ಬಂದು ಅಲ್ಲಿಂದಲೇ ಹೋಗುವುದರಿಂದ ದನಿ ಹೊರಡುವುದಿಲ್ಲ. ವಾಟ್ಸಾಪಿನಲ್ಲಿ ಬರೆಯೋಣವೆಂದರೆ ನಿನ್ನ ಫೋನು ಮನೆಮಂದಿಯ ಕೈಯಲ್ಲೆಲ್ಲ ಆಡುತ್ತಿರುತ್ತದೆ. ಇದು ನೀನೊಬ್ಬಳೇ ಓದಬೇಕಾದ ಮಾತು.

ಇಷ್ಟು ಓದಿ ಅಳುತ್ತಾ ಕೂತರೆ ಮುಂದಿನದು ಕಾಣುವುದಿಲ್ಲ. ಅದಕ್ಕೇ ನಿನಗೊಂದು ಒಡಪು. ಚೆಂಬೂರಿನಲ್ಲಿ ನಮ್ಮ ಕಡೆಯವರ ಮದುವೆಯಾದರೆ ಈಗಲೂ ಮದುಮಗಳಿಗೆ ಗಂಡನ ಹೆಸರು ಕೂಡಿಸಿ ಹೇಳಲು ಒಡಪು ಕಟ್ಟಿಕೊಡುವವಳು ನಾನೇ. ಈ ಸಲ ನನಗೇ ಕಟ್ಟಿಕೊಂಡೆ:

ಕತ್ತಿನಲ್ಲಿ ತೂತು, ಬಂದಾಗಿದೆ ಮಾತು,
ದಾನಪ್ಪನವರು ಸ್ಟೂಲಿನ ಮೇಲೆ ಕೂತಿದ್ದಾರೆ ಸೋತು.

ಸ್ಲೇಟಿನ ಮೇಲೆ ಬರೆದು ನಮ್ಮವರಿಗೆ ತೋರಿಸಿದೆ. ಓದಿ ಸ್ಲೇಟು ಒರೆಸಿಬಿಟ್ಟರು. ನಗಲಿಲ್ಲ. ಮದುವೆಯಾದ ಹೊಸದರಲ್ಲೂ ನನ್ನ ಪ್ರಾಸಕ್ಕೆ ನಕ್ಕವರಲ್ಲ, ಅದನ್ನು ಕಾಯಿಲೆಯ ಲೆಕ್ಕಕ್ಕೆ ಹಾಕುವುದು ಬೇಡ.

ಎಡಗಡೆಯ ಕೆಳದವಡೆಯನ್ನು ಗದ್ದದಿಂದ ಕಿವಿಯ ತನಕ ತೆಗೆದಿದ್ದಾರೆ. ನಾಲಗೆಯ ಒಂದು ಅಂಚು ಹೋಗಿದೆ. ಕಾಲಿನ ಎಲುಬು ಕಡಿದು ಬಗ್ಗಿಸಿ ದವಡೆಯ ಜಾಗದಲ್ಲಿ ಕೂಡಿಸಿ, ಕಾಲಿನದೇ ತೊಗಲನ್ನು ಗಲ್ಲದ ಒಳಗೆ ಹೊಲಿದಿದ್ದಾರೆ. ಕಾಲಿನ ತೊಗಲು ಗಲ್ಲಕ್ಕೆ, ಕಾಲಿನ ಎಲುಬು ಹಲ್ಲಕ್ಕೆ. ವ್ಯಾಕರಣ ತಪ್ಪಿದೆ, ಗೊತ್ತು. ಈಗ ಯಾರು ನಂಬರು ಕೊಡಬೇಕಾಗಿದೆ? ಆ ತೊಗಲಿನ ಮೇಲೆ ಮುಂದೆ ಕೂದಲೂ ಬೆಳೆಯಬಹುದಂತೆ, ಬಾಯಿಯ ಒಳಗೆ. ಊಟ ಮೂಗಿನ ನಳಿಗೆಯಿಂದ: ಹಾಲು, ರಾಗಿ, ಬಾಳೆಹಣ್ಣು ಎಲ್ಲ ತಿರುವಿ ಸೋಸಿದ ಗಂಜಿ. ಮೂಗಿನಲ್ಲಿ ನಳಿಗೆ, ಮನಸ್ಸಿನಲ್ಲಿ ಹೋಳಿಗೆ.

ಈಗ ಒಂದು ವಿಷಯ ಹೇಳುತ್ತೇನೆ, ಸರಿಯಾಗಿ ಕೇಳು. ಸೆಪ್ಟೆಂಬರಿನಲ್ಲಿ ಇಲ್ಲಿಗೆ ಮೊದಲ ಸಲ ಬಂದಾಗ ನನ್ನ ಬಾಯಿ ಒಂದು ಬೆರಳಿಗಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಕಾರ್ಡು ತುಂಬಿಸುತ್ತಿದ್ದ ಡಾಕ್ಟರು ಹಿಂದಿಯಲ್ಲಿ ಕೇಳಿದರು: ತಂಬಾಕು ತಿನ್ನುತ್ತೀರಾ? ಇಲ್ಲ ಎಂದೆ. ಗುಟ್ಕಾ? ಇಲ್ಲ. ಬೀಡಿ? ನಮ್ಮವರಿಗೆ ಸಿಟ್ಟೇ ಬಂತು. ನಮ್ಮ ಮನೆಯಲ್ಲಿ ಯಾರೂ ಅಡಿಕೆ ಕೂಡ ಬಾಯಿಗೆ ಹಾಕುವುದಿಲ್ಲ ಸಾಹೇಬ ಎಂದರು. ಚಟ ಇಲ್ಲ ಎಂದು ಬರೆದುಕೊಂಡರು.

ನಾವಿಬ್ಬರೂ ಸುಳ್ಳು ಹೇಳಲಿಲ್ಲ ಮುಬೀ, ನಿನ್ನ ಮೇಲಾಣೆ. ನನಗೆ ಆ ಹೊತ್ತಿನಲ್ಲಿ ಮಿಶ್ರಿ ನೆನಪಿಗೇ ಬರಲಿಲ್ಲ. ತಂಬಾಕು ಅಂದರೆ ಗಂಡಸರದು, ಉಗುಳುವಂಥದು. ನಮ್ಮದು ಹಲ್ಲುಪುಡಿ. ತಂಬಾಕಿನ ಎಲೆಯನ್ನೇ ಹೆಂಚಿನ ಮೇಲೆ ಕಪ್ಪಗೆ ಹುರಿದು, ಕುಟ್ಟಿ, ಡಬ್ಬಿಯಲ್ಲಿ ತುಂಬಿಟ್ಟು, ಬೆಳಿಗ್ಗೆ ಒಂದು ಸಲ, ಊಟವಾದ ಮೇಲೆ ಒಂದು ಸಲ, ಕೆಲಸ ಮುಗಿದ ಮೇಲೆ ಮತ್ತೊಂದು ಸಲ ಒಸಡಿಗೆ ತಿಕ್ಕುವುದು. ನಮ್ಮವ್ವ ತಿಕ್ಕುತ್ತಿದ್ದಳು. ನಮ್ಮತ್ತೆ ಮಲ್ಲವ್ವ ಎಪ್ಪತ್ತೆಂಟರಲ್ಲೂ ತಿಕ್ಕುತ್ತಾರೆ. ಊರಿಗೆ ಹೋದಾಗಲೆಲ್ಲ ನನಗಾಗಿ ಡಬ್ಬಿ ತುಂಬಿಸಿಕೊಂಡು ಬರುತ್ತಿದ್ದವರು ಯಾರು? ಅಡಿಕೆಯನ್ನೂ ಮುಟ್ಟದ ನಮ್ಮವರೇ.

ಇದನ್ನು ಹಿಡಿದವರು ದೌಲತಬಿ. ಇದೇ ಕಾಯಿಲೆಯಿಂದ ಎದ್ದುಬಂದವರದೊಂದು ಗುಂಪು ಇದೆ. ಮಂಗಳವಾರಕ್ಕೊಮ್ಮೆ ವಾರ್ಡಿಗೆ ಬಂದು ನಮ್ಮಂಥವರ ಹತ್ತಿರ ಕೂರುತ್ತಾರೆ. ದೌಲತಬಿ ತಾಳಿಕೋಟೆ ಕಡೆಯವರು, ಈಗ ಮಲಾಡಿನ ಚಾಳಿನಲ್ಲಿರುತ್ತಾರೆ. ಎರಡು ಲೋಕಲ್ ಬದಲಿಸಿ, ಬಸ್ಸು ಹಿಡಿದು ಬರುತ್ತಾರೆ. ಆಪರೇಷನ್ ಆಗಿ ಹನ್ನೊಂದು ವರ್ಷ. ಆಗ ದವಡೆಯ ಜಾಗಕ್ಕೆ ಎಲುಬು ಹಾಕಿರಲಿಲ್ಲ, ಬರೀ ತೊಗಲು ಹೊಲಿದು ಕಳಿಸಿದ್ದರಂತೆ. ಮುಖದ ಬಲಭಾಗ ಒಳಕ್ಕೆ ಎಳೆದುಕೊಂಡಿದೆ, ತುಟಿ ಸರಿಯಾಗಿ ಕೂಡುವುದಿಲ್ಲ. ಮೊದಲ ದಿನ ಅವರು ಸೆರಗು ಸರಿಸಿದಾಗ ನಾನು ಗೋಡೆಯ ಕಡೆ ತಿರುಗಿದೆ. ಸುಮ್ಮನೆ ಕಾಯುತ್ತಾ ಕೂತರು. ಕತ್ತು ನೋಯತೊಡಗಿ ನಾನೇ ಈ ಕಡೆ ತಿರುಗಬೇಕಾಯಿತು.

ಆಗ ನನ್ನ ಬಲಗೈ ಎತ್ತಿ ತೋರುಬೆರಳು ನೋಡಿದರು. ಉಗುರಿನ ಸಂದಿಯ ಆ ಕಂದು ಬಣ್ಣ ಹನ್ನೆರಡು ದಿನ ಆಸ್ಪತ್ರೆಯ ಸಾಬೂನಿಗೂ ಹೋಗಿಲ್ಲ.

“ಮಿಶ್ರಿ?” ಅಂದರು. ತಲೆ ಆಡಿಸಿದೆ. ನಮ್ಮವರತ್ತ ನೋಡಿ, “ಡಾಕ್ಟರಗ ಏನ್ ಬರಿಸೀರಿ ಸಾಹೇಬ್ರ?” ಎಂದು ಕೇಳಿದರು.

“ಚಟ ಏನೂ ಇಲ್ಲ ಅಂತ ಬರಿಸೇವ್ರಿ. ಖರೇನ ಇಲ್ಲ ಮತ್ತ.”

“ನಾನೂ ಹಂಗ ಬರಿಸಿದ್ದೆ. ತಂಬಾಕ ಅಲ್ರೀ, ಹಲ್ಲು ತಿಕ್ಕೂ ಮಂಜನ ಅದು ಅಂತ. ಹೆಂಚಿನ ಮ್ಯಾಲ ಹುರೀತಿದ್ದದ್ದು ಏನ್ ಶೇಂಗಾ ಏನ್ರಿ?”

ನಮ್ಮವರು ಎದ್ದು ಹೊರಗೆ ಹೋದರು. ಎರಡು ತಾಸು ಬರಲಿಲ್ಲ. ಬಂದವರೇ ಊರಿಗೆ ಫೋನು ಹಚ್ಚಿ, ಡಬ್ಬಿ ತಿಪ್ಪೆಗೆ ಚೆಲ್ಲು ಎಂದು ತಾಯಿಗೆ ಒದರಾಡಿದರು. “ಅರವತ್ತ ವರ್ಷ ತಿಕ್ಕೇನಿ, ನನಗೇನಾಗೇತಿ? ನಿನ್ನ ಹೇಂತಿ ಮುಂಬೈ ನೀರು ಕುಡದು ಕೆಟ್ಟಾಳ,” ಎಂದು ಅತ್ತೆ ಅಂದದ್ದು ನನ್ನ ಮಂಚದವರೆಗೂ ಕೇಳಿಸಿತು. ಆವತ್ತಿನಿಂದ ನಮ್ಮವರು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡುವುದಿಲ್ಲ. ನಾನೂ ಸ್ಲೇಟಿನಲ್ಲಿ ಅದರ ಬಗ್ಗೆ ಏನೂ ಬರೆದಿಲ್ಲ. ಬರೆದರೆ ಅದನ್ನೂ ಒರೆಸಬೇಕಾಗುತ್ತದಲ್ಲ, ಪಾಪ.

ದೌಲತಬಿ ಆಪಾ ಧೈರ್ಯದ ಭಾಷಣ ಮಾಡುವವರಲ್ಲ. ಎಂಜಲು ನುಂಗುವುದನ್ನು ಕಲಿಸುತ್ತಾರೆ: ಗದ್ದ ಎದೆಗೆ ಒತ್ತಿ, ಉಸಿರು ಹಿಡಿದು, ನುಂಗಿ, ಆಮೇಲೆ ಕೆಮ್ಮುವುದು. “ಅಳೂದಿದ್ರ ಆಮ್ಯಾಲ ಅಳು ತಂಗಿ, ಮೊದಲ ನುಂಗು. ಅಳಕೋತ ನುಂಗಿದ್ರ ಗಂಟಲಾಗ ಠಸಕ ಹತ್ತತೈತಿ.” ತಾವು ಚಹಾ ಕುಡಿದು ತೋರಿಸಿದರು. ತುಟಿಯಂಚಿನಿಂದ ಇಳಿದದ್ದನ್ನು ಒರೆಸಿಕೊಳ್ಳುತ್ತಾ, “ಅರ್ಧಾ ನನಗ, ಅರ್ಧಾ ಟಾವೆಲ್ಲಿಗೆ. ಹನ್ನೊಂದು ವರ್ಷ ಆತು, ಟಾವೆಲ್ಲು ನನಗಿಂತ ದಪ್ಪ ಆಗೇತಿ,” ಎಂದರು. ಇವತ್ತು ಡಾಕ್ಟರು ಹ್ಞೂಂ ಅಂದ ಮೇಲೆ ಒಂದು ಚಮಚ ನೀರು ಕುಡಿದೆ. ಅರ್ಧ ನೀರು ಕೆಮ್ಮಿನ ಜೊತೆ ಕತ್ತಿನ ತೂತಿನಿಂದ ಹೊರಗೆ ಬಂತು. ಹತ್ತಿರದಲ್ಲಿದ್ದ ನಮ್ಮವರು ಮುಖ ಮುಚ್ಚಿಕೊಂಡರು. ಆಪಾ ಮಾತ್ರ ಕೊಳವೆಯ ಸುತ್ತ ಒರೆಸಿ, ಇನ್ನೊಂದು ಚಮಚ ತುಂಬಿ ಹಿಡಿದರು.

ಪಕ್ಕದ ಹನ್ನೆರಡನೆಯ ಮಂಚದಲ್ಲಿ ಆಳಂದ ಕಡೆಯ ಶರಣವ್ವ ಎಂಬುವರಿದ್ದರು. ಐವತ್ತು ದಾಟಿರಲಿಕ್ಕಿಲ್ಲ. ಅವರದೂ ಮಿಶ್ರಿಯೇ. ಹುಣ್ಣಿಗೆ ಎಂಟು ತಿಂಗಳು ಅರಿಸಿನ, ತುಪ್ಪ ಹಚ್ಚಿಕೊಂಡು ಕೂತಿದ್ದು ಇಲ್ಲಿಗೆ ಬಂದರು. ಹೋದ ಗುರುವಾರ ಡಾಕ್ಟರು ಅವರ ಮಗಳನ್ನು ಹೊರಗೆ ಕರೆದು, ಕತ್ತಿಗೂ ತಲೆಯ ಬುಡಕ್ಕೂ ಹಬ್ಬಿದೆ, ಕೊಯ್ಯಲು ಬರುವುದಿಲ್ಲ, ನೋವಿಗೆ ಔಷಧ ಕೊಡುತ್ತೇವೆ ಎಂದು ಹೇಳಿದರು. ಮಗಳು ಮುಖ ತೊಳೆದುಕೊಂಡು ಒಳಗೆ ಬಂದಳು. ಮುಖ ತೊಳೆದುಕೊಂಡು ಬಂದದ್ದನ್ನು ನೋಡಿಯೇ ಶರಣವ್ವನಿಗೆ ತಿಳಿಯಿತು.

“ಚೀಲದಾಗಿಂದ ಡಬ್ಬಿ ಕೊಡು,” ಎಂದರು.

ಮಂಚದ ಮೇಲೆ ಚಕ್ಕಳಬಕ್ಕಳ ಹಾಕಿ ಕೂತು, ಚಿಟಿಕೆ ತೆಗೆದು, ಹುಣ್ಣಿಲ್ಲದ ಕಡೆ ಮೆಲ್ಲಗೆ ತಿಕ್ಕಿಕೊಳ್ಳತೊಡಗಿದರು. ನರ್ಸ್ ವೈಶಾಲಿ ಓಡಿ ಬಂದು, “ಕಾಯ್ ಕರ್ತೇಸ್ ಮಾವಶೀ!” ಏನು ಮಾಡುತ್ತಿದ್ದೀಯಮ್ಮಾ ಎಂದು ಮರಾಠಿಯಲ್ಲಿ ಕೂಗಿದಳು.

“ಇನ್ನ ಇದು ನನಗೇನ್ ಮಾಡ್ತೈತವ್ವಾ? ಮಾಡೂದೆಲ್ಲಾ ಮಾಡೇ ಬಿಟ್ಟೈತಲ್ಲ.”

ವೈಶಾಲಿಗೆ ಕನ್ನಡ ಬರುವುದಿಲ್ಲ. ಆದರೂ ತಿರುಗಿ ಬಂದು, ಸರಿಯಾಗಿಯೇ ಹನಿಯುತ್ತಿದ್ದ ನನ್ನ ಸಲೈನನ್ನು ಸರಿಮಾಡಿದಳು.

ಮೂಗಿನಿಂದ ಉಸಿರಾಡದವಳಿಗೆ ವಾಸನೆ ಬರಲಾರದು. ನನಗೆ ಬಂತು. ಹುರಿದ ಎಲೆಯ ಘಾಟು, ನಮ್ಮವ್ವನ ಸೆರಗಿನ ಘಾಟು. ಈ ಸ್ಥಿತಿಯಲ್ಲಿ ಬಿದ್ದುಕೊಂಡು, ಆ ಹೆಂಗಸಿಗೆ ಆದದ್ದನ್ನು ಕಣ್ಣಾರೆ ನೋಡುತ್ತಾ, ನನಗೆ ಒಂದು ಚಿಟಿಕೆ ಬೇಕು ಅನಿಸಿತು. ಬಾಯಲ್ಲಿ ನೀರೂರಿ, ನುಂಗಲು ಬಾರದೆ ದಿಂಬಿನ ಮೇಲೆ ಇಳಿಯಿತು. ಇದನ್ನು ಆಪಾಗೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ. ಬಿಡುವುದು ಸುಲಭ ಎಂದು ನಿನಗೆ ಉಪದೇಶ ಮಾಡುತ್ತಿಲ್ಲ ಎಂಬುದು ಗೊತ್ತಿರಲಿ ಎಂದು. ಮರುದಿನ ಬೆಳಿಗ್ಗೆ ಅವರು ಊರಿಗೆ ಹೊರಟುಹೋದರು. ಮಧ್ಯಾಹ್ನದ ಹೊತ್ತಿಗೆ ಆ ಮಂಚಕ್ಕೆ ಬೇರೆಯವರು ಬಂದಿದ್ದರು.

ಇಷ್ಟೆಲ್ಲ ಬರೆದದ್ದು ಮುಂದಿನದನ್ನು ಬರೆಯುವ ಧೈರ್ಯ ಬರಲಿ ಎಂದು.

ಮೇ ತಿಂಗಳಲ್ಲಿ ನಿನ್ನ ಮಗಳು ಗುಲಾಫಶಾಳ ನಿಕಾಹಕ್ಕೆ ವಿಜಯಪುರಕ್ಕೆ ಬಂದಿದ್ದೆನಲ್ಲ. ಹಿಂದಿನ ದಿನ ನೀನು ನನ್ನನ್ನು ಹಿತ್ತಿಲ ಒಲೆಯ ಕಡೆ ಕರೆದುಕೊಂಡು ಹೋಗಿ, ಗಲ್ಲ ಎಳೆದು, ಇಲ್ಲಿ ನೋಡ ಶೈಲಿ, ಖಾರ ತಡಿಯೂದಿಲ್ಲ, ಉರೀತೈತಿ ಎಂದೆ. ನಾನು ಮೊಬೈಲಿನ ಬೆಳಕು ಬಿಟ್ಟು ನೋಡಿದೆ. ಎಡಗಡೆ, ಒಳಗೆ, ಹಾಲಿನ ಕೆನೆ ಅಂಟಿದಂಥ ಬಿಳಿ, ನಡುವೆ ಕೆಂಪು. ಅದಕ್ಕೆ ನಾನು ಏನಂದೆ, ನೆನಪಿದೆಯೇ? ಮದುವಿ ಓಡಾಟದಾಗ ನಿದ್ದಿಗೆಟ್ಟೀದಿ, ಹೀಟ್ ಅದು, ಬಿ ಕಾಂಪ್ಲೆಕ್ಸ್ ತಗೋ ಅಂದೆ. ನೀನು ನಕ್ಕು, ಮುಂಬೈದಾಕಿ ನೀ, ನಿನಗ ಗೊತ್ತಿರತೈತಿ ಎಂದು ಬಿರಿಯಾನಿಯ ಹಂಡೆ ನೋಡಲು ಹೋದೆ.

ನನಗೆ ಗೊತ್ತಿತ್ತು ಮುಬೀ. ಅಂಥದೇ ಬಿಳಿ ನನ್ನ ಬಾಯಲ್ಲಿ ಹಿಂದಿನ ದೀಪಾವಳಿಯಿಂದ ಇತ್ತು. ಚೆಂಬೂರಿನ ಮನೆಯ ಬಾತ್‌ರೂಮಿನಲ್ಲಿ ಚಿಲಕ ಹಾಕಿಕೊಂಡು, ಅದೇ ಮೊಬೈಲಿನ ಬೆಳಕಿನಲ್ಲಿ ಎಷ್ಟು ಸಲ ನೋಡಿಕೊಂಡಿದ್ದೆನೋ. ನಿನಗೆ ಡಾಕ್ಟರ ಹತ್ತಿರ ಹೋಗು ಎಂದರೆ ನಾನೂ ಹೋಗಬೇಕಾಗುತ್ತಿತ್ತು. ನಿನ್ನದು ಹೀಟ್ ಆದರೆ ನನ್ನದೂ ಹೀಟ್. ನನ್ನ ಹೆದರಿಕೆಗೆ ಔಷಧವೆಂದು ನಿನಗೆ ಗುಳಿಗೆ ಹೇಳಿದೆ. ಐದಾರು ತಿಂಗಳು ಮುಂಚೆ ಬಂದಿದ್ದರೆ ಸ್ವಲ್ಪ ಕೆರೆದು ತೆಗೆದು ಮನೆಗೆ ಕಳಿಸುತ್ತಿದ್ದೆವು ಎಂದು ಸರ್ಜನ್ನು ಆಪರೇಷನ್ನಿಗೆ ಮುಂಚೆ ಅಂದರು. ಹಿಂದಕ್ಕೆ ಎಣಿಸಿದೆ. ಬಂದು ನಿಂತದ್ದು ನಿನ್ನ ಹಿತ್ತಿಲಿಗೇ.

ಮಿಶ್ರಿ ಕಲಿಸಿದವಳೂ ನಾನೇ. ಧಾರವಾಡದ ಹಾಸ್ಟೆಲಿನಲ್ಲಿ, ಬಿ.ಎ. ಕೊನೆಯ ಪರೀಕ್ಷೆಗೆ ಮೂರು ದಿನ ಇದ್ದಾಗ, ದವಡೆಹಲ್ಲು ಹಿಡಿದುಕೊಂಡು ಅಳುತ್ತಿದ್ದೆ ನೀನು. ನಿನ್ನ ಬೆರಳಿಗೆ ಮೊದಲ ಚಿಟಿಕೆ ಹಾಕಿದೆ. ತಲೆ ತಿರುಗಿ ಬಿದ್ದಿ. ಮರುದಿನ ನೀನೇ ಕೇಳಿದಿ. ತಂಬಾಕಿನ ವಾಸನೆಯನ್ನೇ ಸಹಿಸದ ಅಫ್ತಾಬ ಭಾಯಿಯನ್ನು ಮದುವೆಯಾಗಿ, ಅವರ ಮನೆಯಲ್ಲಿ ಅದನ್ನು ಇಪ್ಪತ್ತೈದು ವರ್ಷ ಬಚ್ಚಿಟ್ಟು ಬಂದಿದ್ದೀ. ಅಂಗನವಾಡಿಯಲ್ಲಿ ಮಕ್ಕಳಿಗೆ ಹಲ್ಲು ತಿಕ್ಕುವುದನ್ನು ಕಲಿಸಿ, ಮನೆಗೆ ಬಂದು ಹಿತ್ತಿಲಲ್ಲಿ ನಿಂತು ನಿನ್ನದು ತಿಕ್ಕುತ್ತೀ.

ಎಲ್ಲ ಬಿಳಿಯೂ ಇದಾಗುವುದಿಲ್ಲವಂತೆ. ಆಪಾ ಕಂಡ ಎಷ್ಟೋ ಹೆಂಗಸರದು ಮಿಶ್ರಿ ಬಿಟ್ಟ ಮೇಲೆ ಅಲ್ಲಿಗೇ ನಿಂತಿದೆ. ನಿನ್ನದೂ ಹಾಗೇ ಇರಬಹುದು. ಆದರೆ ಅದನ್ನು ನೋಡಿ ಹೇಳುವವರು ನಾನಲ್ಲ, ನೀನಲ್ಲ, ಕಾಂಪೌಂಡರನೂ ಅಲ್ಲ. ಚೂರು ತೆಗೆದು ಪರೀಕ್ಷೆಗೆ ಕಳಿಸುವ ಡಾಕ್ಟರಿಗೇ ತೋರಿಸಬೇಕು. ಅವರು ತಂಬಾಕು ತಿನ್ನುತ್ತೀರಾ ಎಂದು ಕೇಳಿಯೇ ಕೇಳುತ್ತಾರೆ. ನಿನ್ನ ಬಾಯಲ್ಲೂ ತಟ್ಟನೆ ಇಲ್ಲ ಅಂತಲೇ ಬರುತ್ತದೆ, ನನಗೆ ಗೊತ್ತು. ಮಿಶ್ರಿ ಅನ್ನು. ಇಪ್ಪತ್ತೈದು ವರ್ಷ, ದಿನಕ್ಕೆ ಮೂರು ಸಲ ಅನ್ನು.

ನನ್ನ ಚಿಂತೆ ಮಾಡಬೇಡ. ಚೇತರಿಸಿಕೊಳ್ಳುತ್ತಿದ್ದೇನೆ. ಮುಂದಿನ ವಾರ ಕತ್ತಿನ ನಳಿಗೆ ತೆಗೆಯುತ್ತಾರಂತೆ. ನಿನಗೆ ಸಿಟ್ಟು ಬಂದಿದ್ದರೆ ಬರಲಿ. ಎದುರಿಗೆ ಬೈ, ತಿರುಗಿ ಮಾತಾಡಲಿಕ್ಕೆ ನನಗೆ ದನಿಯಿಲ್ಲ, ಇಂಥ ಅವಕಾಶ ನಿನಗೆ ಹಿಂದೆಂದೂ ಸಿಕ್ಕಿಲ್ಲ.

ಉತ್ತರ ಬರೆಯಬೇಡ, ಬಾಯಿ ತೋರಿಸು.

ನಿನಗೆ ಮೇ ತಿಂಗಳಲ್ಲಿ ಸುಳ್ಳು ಹೇಳಿದ,
ಶೈಲಿ

ತಾ.ಕ.: ಈ ಕಾಗದ ನಿನ್ನ ಕೈಗಿಟ್ಟು ಎದುರಿಗೆ ಕೂತಿರುವವರೇ ದೌಲತಬಿ ಆಪಾ. ನಿನ್ನ ಗುಟ್ಟನ್ನು ಅವರಿಗೆ ಹೇಳಿದ್ದೇನೆ; ಕ್ಷಮಿಸು. ಅವರು ತಂಗಿಯ ಮನೆಗೆಂದು ತಾಳಿಕೋಟೆಗೆ ಹೋಗಿ ಶನಿವಾರ ನಿಮ್ಮ ವಿಜಯಪುರದಿಂದಲೇ ಮರಳಿ ಮುಂಬಯಿ ರೈಲು ಹತ್ತುತ್ತಾರೆ. ಅವರ ಪಕ್ಕದ ಬರ್ತು ನಿನ್ನ ಹೆಸರಿಗಿದೆ, ನಮ್ಮವರ ಕೈಯಿಂದ ತೆಗೆಸಿದ್ದೇನೆ. ಇಲ್ಲಿಯ ಡಾಕ್ಟರಿಗೆ ಹೇಳಿಯೂ ಇಟ್ಟಿದ್ದೇನೆ. ಅಫ್ತಾಬ ಭಾಯಿಗೆ ಮಿಶ್ರಿಯ ಮಾತು ಈಗಲೇ ಹೇಳಲು ಆಗದಿದ್ದರೆ ಬಿಡು. ಶೈಲಾ ಬಹಳ ದಿನ ಉಳಿಯುವ ಹಾಗಿಲ್ಲ, ಒಂದು ಸಲ ಮುಖ ನೋಡಿ ಬರುತ್ತೇನೆ ಅನ್ನು. ಬೇಡ ಎನ್ನುವ ಮನುಷ್ಯರಲ್ಲ ಅವರು. ಗೆಳತಿಯ ಸಾವಿನ ಸುಳ್ಳು ಹೇಳಿ ಮನೆ ಬಿಟ್ಟೆನಲ್ಲ ಎಂದು ರೈಲಿನಲ್ಲಿ ಅಳುತ್ತಾ ಕೂರಬೇಡ. ನಿನ್ನೆ ನನ್ನ ರಿಪೋರ್ಟು ಬಂದಿದೆ. ನೀನು ಹೇಳುವುದು ಸುಳ್ಳಲ್ಲ.