ಕೇಳುವ ಮೊದಲೇ ಬಂದ ಉಪ್ಪು

ಹುಬ್ಬಳ್ಳಿ
ಭಾನುವಾರ, ೨೨ ಜೂನ್ ೨೦೨೫

ಪ್ರೀತಿಯ ಅಬ್ಬಾ,

ಬಂತು ಅಬ್ಬಾ, ದ್ವಿಭಾಷಾ ಪದಕ ನನಗೇ ಬಂತು! ಸಲಾಂ ಹೇಳುವುದನ್ನೂ ಮರೆತು ಇದನ್ನೇ ಮೊದಲು ಬರೆದುಬಿಟ್ಟೆ, ಬೈಯಬೇಡಿ. ಸಲಾಂ. ಅಮ್ಮಿಗೂ ಸಲಾಂ. ನಿಮ್ಮ ಬಲಗೈಗೂ ಒಂದು ಸಲಾಂ, ಅದು ಈಗ ಲೋಟ ಎತ್ತುತ್ತಿದೆಯಂತಲ್ಲ!

ನಿಮಗೆ ನೆನಪಿದೆ ತಾನೆ? ಪಿಯುಸಿ ಮುಗಿಸಿದ ಮಕ್ಕಳಲ್ಲಿ ಎರಡು ಭಾಷೆಗಳನ್ನು ಒಂದೇ ಸಮನಾಗಿ ಓದಿ, ಬರೆದು, ಮಾತಾಡಬಲ್ಲವರಿಗೆ ಟ್ರಸ್ಟ್‌ನವರು ಕೊಡುವ ಪದಕ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಎಲ್ಲ ಕಡೆಯಿಂದಲೂ ಮಕ್ಕಳು ಬಂದಿದ್ದರು. ಹೊನ್ನಾಳಿಯ ಹುಡುಗಿಗೆ ಕನ್ನಡ ಇಂಗ್ಲಿಷಿನಲ್ಲಿ ಬಂದಿದೆ, ಜಗಳೂರಿನ ಹುಡುಗನಿಗೆ ಕನ್ನಡ ತೆಲುಗಿನಲ್ಲಿ. ಕನ್ನಡ ಉರ್ದುವಿನಲ್ಲಿ ನಾನೊಬ್ಬಳೇ! ನಾನು ಆ ಜೋಡಿ ಆರಿಸಿಕೊಂಡಾಗ ನನ್ನ ಗೆಳತಿ ಪ್ರೇಮಲತಾ, "ಅಲ್ಲೇ ಹುಚ್ಚಿ, ಇಷ್ಟು ವರ್ಷ ಇಂಗ್ಲಿಷ್ ಮೀಡಿಯಮ್ಮಾಗೆ ಓದಿ ಮನೆ ಮಾತು ಹಿಡ್ಕೊಂಡು ಹೋಗ್ತೀಯಲ್ಲ, ಅದಕ್ಕೆ ಪರೀಕ್ಷೆ ಬೇರೆ ಬೇಕೇನೇ?" ಎಂದು ನಕ್ಕಿದ್ದಳು. ಈಗ ಅವಳೇ ಎಲ್ಲರಿಗಿಂತ ಮೊದಲು ಫೋನ್ ಮಾಡಿ ಕಿರುಚಿದಳು.

ಇಲ್ಲಿ ಎಲ್ಲರಿಗೂ ಎಷ್ಟು ಖುಷಿ ಗೊತ್ತೇ! ಅತ್ತೆ ಬಾಯಿಗೆ ಸಕ್ಕರೆ ಹಾಕಿದರು. ಇನ್ನು ನನ್ನ ಜೊತೆ ಜಗಳವಾಡಲು ಎರಡು ನಾಲಿಗೆ ಬೇಕು, ತಮಗಿರುವುದು ಒಂದೇ, ಅದಕ್ಕೇ ಈಗಲೇ ಸೋತಂತೆ ಎಂದು ನಿಮ್ಮ ಅಳಿಯ ಅನೀಸ್ ಬೀದಿಯ ಅಂಗಡಿಯವರ ಮುಂದೆಲ್ಲ ಹೇಳಿಕೊಂಡು ಬಂದರು. ನಾನು ಮಹಡಿ ಮೇಲೆ ಹೋಗಿ ಕುಣಿದೆ. ನಿಜವಾಗಿಯೂ ಕುಣಿದೆ.

ಆದರೆ ಅಬ್ಬಾ, ಒಳಗೆ ಏನೂ ಆಗಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ದಿನ ಕೆನ್ನೆ ಮುಟ್ಟಿಕೊಂಡರೆ ಬೇರೆ ಯಾರದೋ ಕೆನ್ನೆ ಅನ್ನಿಸುತ್ತದಲ್ಲ, ಹಾಗಿತ್ತು. ಕುಣಿಯುತ್ತಿದ್ದವಳನ್ನು ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಮದುವೆಯಾಗಿ ಇಲ್ಲಿಗೆ ಬಂದಾಗಿನಿಂದ ಹೀಗೇ. ಇಲ್ಲಿ ಯಾರೂ ಒಂದು ಕೆಟ್ಟ ಮಾತು ಆಡಿಲ್ಲ, ಅದಕ್ಕಾಗಿ ಚಿಂತೆ ಮಾಡಬೇಡಿ. ಇಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ನೇರವಾಗಿ ಮುಟ್ಟುತ್ತದೆ, ಅಷ್ಟೆ. ಮಾವನಿಗೆ ಚಹಾ ಬೇಕೇ ಎಂದು ಅತ್ತೆ ಕೇಳಿದ ಕೂಡಲೇ ನಾನು ಮಾವನ ಕಡೆ ತಿರುಗಿ ಬಾಯಿ ತೆರೆದು ನಿಲ್ಲುತ್ತೇನೆ. ಅಷ್ಟರಲ್ಲಿ ಅವರು ಬೇಕು ಎಂದಾಗಿರುತ್ತದೆ. ನಾನು ಬಾಯಿ ಮುಚ್ಚುತ್ತೇನೆ. ಅನೀಸ್ ನಗುತ್ತಾರೆ, ನಾನೂ ನಗುತ್ತೇನೆ.

ನಿಮಗೆ ಲಕ್ವಾ ಹೊಡೆದಾಗ ದಾವಣಗೆರೆಯ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟು ಮೊದಲು ಕೇಳಿದ್ದು ನೆನಪಿದೆಯೇ? "ಗಾದಿ ಬಿಸಿಲಿಗೆ ಹಾಕಿದ್ರಾ?" ಕನ್ನಡದಲ್ಲಿ. ಅಮ್ಮಿ ಕೈ ಹಿಡಿದುಕೊಂಡು ಉರ್ದುವಿನಲ್ಲಿ ಏನೇನೋ ಹೇಳುತ್ತಿದ್ದರೆ ನೀವು ಪಕ್ಕದ ಮಂಚದವರ ಮಾತು ಕೇಳುವ ಹಾಗೆ ಕೇಳುತ್ತಿದ್ದಿರಿ. ಕೆಲವರಿಗೆ ಹೀಗಾಗುತ್ತದೆ, ಚಿಕ್ಕಂದಿನಲ್ಲಿ ಕಲಿತದ್ದು ಮೊದಲು ಮರಳುತ್ತದೆ, ಆಮೇಲೆ ಕಲಿತದ್ದು ಬಂದರೆ ಬಂತು ಎಂದರು ಡಾಕ್ಟರು. ತ್ಯಾವಣಿಗೆಯಲ್ಲಿ ನಿಮ್ಮ ಅಮ್ಮ, ನನ್ನ ದಾದಿಯ ಜೊತೆ ಹತ್ತಿ ಹಿಂಜುತ್ತಾ ಕಲಿತ ಕನ್ನಡ ಬಂತು. ಆದೋನಿಯಿಂದ ಬಂದ ಹೆಂಡತಿಗೋಸ್ಕರ ಮನೆಯಲ್ಲಿ ಆಡುತ್ತಿದ್ದ ಉರ್ದು ಬರಲಿಲ್ಲ.

ಅಮ್ಮಿಗೆ ಕನ್ನಡ ಬಾರದು ಎಂದು ಅಂದಿನಿಂದ ನಾನೇ ಮಾತು ಹೊತ್ತು ನಿಮ್ಮಿಬ್ಬರ ನಡುವೆ ಓಡಾಡಿದೆ. ಊಟ, ಔಷಧಿ, ನಮ್ಮ ಗಾದಿ ಅಂಗಡಿಯ ಬೀಗ, ಎಲ್ಲ ನನ್ನ ಬಾಯಿಂದಲೇ. ನಿಮ್ಮ ಬೈಗುಳವನ್ನೂ ಹೊತ್ತುಕೊಂಡು ಹೋಗಿ ಕೊಟ್ಟಿದ್ದೇನೆ, ಒಂದೂ ಕಡಿಮೆ ಮಾಡದೆ!

ಬಾಯಿಪರೀಕ್ಷೆಯೂ ಅದೇ ಆಗಿತ್ತಲ್ಲ. ಬೇರೆ ಬೇರೆ ಭಾಷೆಯ ಇಬ್ಬರ ನಡುವೆ ಕೂತು ಇವರದನ್ನು ಅವರಿಗೆ, ಅವರದನ್ನು ಇವರಿಗೆ ಮುಟ್ಟಿಸಬೇಕು. ಬೇರೆ ಮಕ್ಕಳಿಗೆ ಯಾರನ್ನೋ ಕರೆಸಿ ಕೂರಿಸಿದ್ದರು. ನನ್ನ ಪರೀಕ್ಷೆ ಮಾಡಿದ ನಿರ್ಮಲಮ್ಮ ಮೇಡಂ ಮಾತ್ರ ನಮ್ಮ ಮನೆಗೇ ಬಂದು, "ಇಂಥ ಪರೀಕ್ಷಾ ಕೊಠಡಿ ನನಗೆ ಬೇರೆ ಎಲ್ಲಿ ಸಿಗತೈತೆ, ಚಾಂದ್ ಸಾಹೇಬ್ರೇ? ನೀವಿಬ್ರೂ ಮಾತಾಡ್ರಿ, ನಾನು ಕೇಳ್ತೀನಿ" ಎಂದು ನಮ್ಮ ಗಾದಿ ಮೇಲೆಯೇ ಕೂತರು. ನೀವು ಶುರು ಮಾಡಿದ್ದೇ ದೂರಿನಿಂದ. "ಇವಳಿಗೆ ಹೇಳಮ್ಮ, ಸಾರಿಗೆ ಉಪ್ಪು ಹಾಕಾಕೆ ಏನು ರೋಗ ಅಂತ. ಲಕ್ವಾ ಹೊಡೆದಿರೋದು ನನ್ನ ಕೈಗೆ, ನಾಲಿಗೆಗಲ್ಲ." ಮೇಡಂಗೆ ನಗು ತಡೆಯಲಾಗಲಿಲ್ಲ. ನಾನು ಹೇಳಬೇಕು ಎಂದು ಅಮ್ಮಿಯ ಕಡೆ ತಿರುಗಿದರೆ ಅವಳು ಅಲ್ಲಿರಲಿಲ್ಲ. ಅಡುಗೆಮನೆಯಿಂದ ಉಪ್ಪಿನ ಡಬ್ಬಿ ತಂದು ನಿಮ್ಮ ಮುಂದೆ ಕುಕ್ಕಿದಳು. ಅಷ್ಟು ವರ್ಷ ಸಂಸಾರ ಮಾಡಿದವಳು, ಮುಖ ನೋಡಿಯೇ ತಿಳಿದುಕೊಂಡಳು ಎಂದುಕೊಂಡೆ.

ಈಗ ಮುಖ್ಯವಾದ ಮಾತು. ಪದಕ ನನಗೊಬ್ಬಳಿಗೇ ಅಲ್ಲ. ಯಾವ ಭಾಷೆ ಯಾರಿಂದ ಬಂತು ಎಂದು ನಾವು ಎರಡು ಹೆಸರು ಕೊಡಬೇಕು. ಆ ಇಬ್ಬರನ್ನೂ ವೇದಿಕೆ ಮೇಲೆ ಅಕ್ಕಪಕ್ಕ ಕೂರಿಸಿ ಶಾಲು ಹೊದಿಸುತ್ತಾರೆ. ಎಲ್ಲರೂ ಮೇಷ್ಟ್ರ ಹೆಸರು ಕೊಟ್ಟಿದ್ದಾರೆ. ನಾನು ಕನ್ನಡಕ್ಕೆ ಚಾಂದ್ ಸಾಹೇಬ್, ಉರ್ದುವಿಗೆ ತಾಜ್‌ಬೀ ಎಂದು ಬರೆದುಕೊಟ್ಟೆ. ಪದಕ ಕೊಡುವುದು ಬರುವ ಶನಿವಾರ ಬೆಳಗ್ಗೆ, ನಮ್ಮ ಕಾಲೇಜಿನ ಸಭಾಂಗಣದಲ್ಲಿ. ನೀವು ಬರಬೇಕು. ಕೋಲು ಊರಿಕೊಂಡಾದರೂ ಬರಬೇಕು. ಜನ ನೋಡುತ್ತಾರೆ ಎಂದು ಹಠ ಮಾಡಬೇಡಿ. ಮದುವೆಯಾದ ಮೇಲೆ ನಾನು ಕೇಳುತ್ತಿರುವುದು ಇದೊಂದೇ.

ನಾನು ಗಂಡನ ಮನೆಗೆ ಹೋಗಲ್ಲ ಎಂದು ಅತ್ತಾಗ, "ಹೋಗು, ನಮ್ಮ ಮಾತು ಹೊತ್ಕೊಂಡು ಎಷ್ಟು ವರ್ಷ ತಿರುಗ್ತೀಯಾ? ನಾವು ಹೆಂಗೋ ಮಾಡ್ಕೋತೀವಿ" ಎಂದು ಕಳಿಸಿದವರು ನೀವು. ಈಗ ನಾನು ಫೋನ್ ಮಾಡಿದರೆ ನಿಮ್ಮ ಉಸಿರು ಮಾತ್ರ ಕೇಳಿಸುತ್ತದೆ. ಅದಕ್ಕೇ ಈ ಕಾಗದ. ಬೆರಳಿಟ್ಟು ನಿಧಾನವಾಗಿ ಓದಿ. ಕನ್ನಡದಲ್ಲಿ ಇಷ್ಟುದ್ದ ಕಾಗದ ಬರೆದದ್ದು ಇದೇ ಮೊದಲು, ತಪ್ಪಿದ್ದರೆ ಮೇಡಂಗೆ ಹೇಳಬೇಡಿ, ಪದಕ ವಾಪಸ್ ಕೇಳಿಬಿಡುತ್ತಾರೆ!

ಮೊನ್ನೆ ಅಮ್ಮಿ ಫೋನ್ ಮಾಡಿದ್ದಳು. ಎಲ್ಲ ಚೆನ್ನಾಗಿದೆ ಎಂದಳು.

ಅನೀಸ್ ಸಲಾಂ ತಿಳಿಸಿದ್ದಾರೆ.

ನಿಮ್ಮಿಬ್ಬರ ನಡುವಿನ
ನುಜಹತ್

ಮರೆತದ್ದು: ಮರೆತಿರಲಿಲ್ಲ ಅಬ್ಬಾ, ಬರೆಯಲೋ ಬೇಡವೋ ಎಂದು ಕೂತಿದ್ದೆ. ಎಲ್ಲ ಚೆನ್ನಾಗಿದೆ ಎಂದು ಅಮ್ಮಿ ಹೇಳಲಿಲ್ಲ. ಹೇಳಿದ್ದು ಇದು: "ನುಜ್ಜೂ, ನಿಮ್ಮಪ್ಪ ಸರಿಯಾಗಿ ಉಣ್ತಿಲ್ಲ. ಏನು ಬೇಕು ಅಂತ ಕೇಳಾಕೆ ನನಗೆ ಬಾಯಿ ಬರವಲ್ದು." ಕನ್ನಡದಲ್ಲಿ. ನಮ್ಮ ಬೀದಿಯವರು ಆಡುವ ಹಾಗೇ. ಯಾವಾಗಿನಿಂದ ಬರುತ್ತದೆ ಎಂದು ಕೇಳಿದೆ. ಮದುವೆಯಾದ ಹೊಸತರಲ್ಲೇ ಕಲಿತಳಂತೆ. ಒಂದು ದಿನ ಅಂಗಡಿಗೆ ದಿಂಬು ಕೊಳ್ಳಲು ಬಂದ ಮರುಳಪ್ಪನವರ ಹತ್ತಿರ ಧೈರ್ಯ ಮಾಡಿ ಎರಡು ಮಾತು ಆಡಿದಳಂತೆ. ಅವರು ನಕ್ಕರಂತೆ. ಅವರ ಜೊತೆ ನೀವೂ ನಕ್ಕಿರಂತೆ. ಆಮೇಲೆ ಅವಳು ಆಡಲಿಲ್ಲ, ಕೇಳಿಸಿಕೊಳ್ಳುವುದನ್ನು ಮಾತ್ರ ಬಿಡಲಿಲ್ಲ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಅದಕ್ಕೇ ಇಲ್ಲಿ ಬರೆದೆ. ನೀವೇ ಮೊದಲು ಏನಾದರೂ ಕೇಳಿ. ಸಾರಿನ ವಿಷಯವಾದರೂ ಸರಿ. ಅವಳು ಉತ್ತರ ಕೊಟ್ಟರೆ ನಗಬೇಡಿ. ನಾನು ಶುಕ್ರವಾರ ಮಧ್ಯಾಹ್ನ ಬೆಂಗಳೂರಿಗೆ ಹೋಗುವ ಇಂಟರ್‌ಸಿಟಿ ರೈಲು ಹತ್ತಿ ದಾವಣಗೆರೆಯಲ್ಲಿ ಇಳಿಯುತ್ತೇನೆ.