ಸೂರ್ಯ ಹುಟ್ಟುವ ಪಶ್ಚಿಮ ವಾರ್ಡಿನ ಬಗ್ಗೆ

ಗಡಿಗೆರೆಗಳ ಉಸ್ತುವಾರಿ ಹೊತ್ತ ವಾರ್ಡು ವಿಂಗಡಣಾಧಿಕಾರಿ ಮಾನ್ಯರೇ,

ಈ ಪತ್ರಿಕೆಯ ಮೂಲಕ ತಮ್ಮ ಹಾಗೂ ಸಮಸ್ತ ಲೋಕದ ಗಮನಕ್ಕೆ ತರುವುದೇನೆಂದರೆ, ಕಳೆದ ಗುರುವಾರ ಬೆಳಿಗ್ಗೆ ಏಳೂಕಾಲಿಗೆ ನಾನು ಒಂದು ಖಾಲಿ ಲೋಟ ಹಿಡಿದು ಪೌರ್ವಾತ್ಯ ಜಗತ್ತಿನಿಂದ ಹೊರಟು ಪಾಶ್ಚಾತ್ಯ ಜಗತ್ತನ್ನು ತಲುಪಿದೆ. ಅಲ್ಲಿ ಹೆಪ್ಪು ಹಾಕಲು ಒಂದು ಚಮಚ ಮಜ್ಜಿಗೆ ಪಡೆದೆ. ಏಳೂ ಇಪ್ಪತ್ತಕ್ಕೆ ಸುರಕ್ಷಿತವಾಗಿ ಸ್ವದೇಶಕ್ಕೆ ಮರಳಿದೆ. ಪಾಸ್‌ಪೋರ್ಟನ್ನು ಯಾರೂ ಕೇಳಲಿಲ್ಲ. ದಾಟಿದ್ದು ಹದಿನೆಂಟು ಅಡಿ ಅಗಲದ ಡಾಂಬರು ರಸ್ತೆ. ಆದ ತೊಂದರೆ ಒಂದೇ. ಪಶ್ಚಿಮಕ್ಕೆಂದು ನಡೆಯುತ್ತಿದ್ದಾಗ ಎದುರಿನಿಂದ ಎಳೆಬಿಸಿಲು ಕಣ್ಣಿಗೆ ಹೊಡೆದು, ರಸ್ತೆಯಲ್ಲಿ ನಿಂತಿದ್ದ ಎಮ್ಮೆಗೆ ನಾನು ಡಿಕ್ಕಿ ಹೊಡೆಯುವುದು ಸ್ವಲ್ಪದರಲ್ಲಿ ತಪ್ಪಿತು.

ಬೆಳಗಿನ ಏಳೂಕಾಲಿಗೆ ಪಶ್ಚಿಮದಿಂದ ಬಿಸಿಲು ಹೇಗೆ ಬಂತು? ನನ್ನ ತಕರಾರು ಇದೇ. ತಾವು ನಮ್ಮ ಜೋಡಿಕೊಪ್ಪವನ್ನು ‘ಪೂರ್ವ’ ಮತ್ತು ‘ಪಶ್ಚಿಮ’ ಎಂದು ಎರಡು ವಾರ್ಡು ಮಾಡಿದ್ದೀರಿ. ಮಾಡುವಾಗ ಪೂರ್ವದ ಮನೆಗಳನ್ನೆಲ್ಲ ಪಶ್ಚಿಮಕ್ಕೂ ಪಶ್ಚಿಮದ ಮನೆಗಳನ್ನೆಲ್ಲ ಪೂರ್ವಕ್ಕೂ ಸೇರಿಸಿದ್ದೀರಿ. ಅದರಿಂದ ಚೇತನಾ ಎಂಬ ಹೆಣ್ಣುಮಗಳಿಗೆ ಸಿಗಬೇಕಾದ ಅಂಗನವಾಡಿ ಶಿಕ್ಷಕಿಯ ಕೆಲಸ ಕೈತಪ್ಪುವ ಹಾದಿಯಲ್ಲಿದೆ. ಸೂರ್ಯನಿಗೇನೂ ನಷ್ಟವಿಲ್ಲ. ಅವನು ತಮ್ಮ ಆದೇಶವನ್ನು ಓದದೆ ಮೊದಲಿನ ಕಡೆಯಿಂದಲೇ ಬರುತ್ತಿದ್ದಾನೆ.

ಇದು ಹೇಗಾಯಿತೆಂದು ತಮಗೆ ಗೊತ್ತಿರಲಾರದು. ಏಪ್ರಿಲ್ ತಿಂಗಳಲ್ಲಿ ತಮ್ಮ ಕಚೇರಿಯವರೊಬ್ಬರು ಬಂದರು. ಮನೆಮನೆಗೆ ಹೋಗಬೇಕು ಎಂದು ತಮ್ಮ ಸುತ್ತೋಲೆಯಲ್ಲಿದೆ. ಅವರು ಸಮುದಾಯ ಭವನದ ಫ್ಯಾನಿನ ಕೆಳಗೆ ಕುಳಿತು ಮನೆಗಳನ್ನೇ ಕರೆಸಿಕೊಂಡರು. ಮನೆಗಳಿಗೆ ನಡೆಯಲು ಬಾರದ್ದರಿಂದ ಮನೆಯವರು ಹೋದೆವು. ಎಲ್ಲರಿಗೂ ಒಂದೇ ಪ್ರಶ್ನೆ: “ಮನೆ ಯಾವ ದಿಕ್ಕು?”

ಸಾಲಿನಲ್ಲಿ ಮೊದಲು ನಿಂತವನು ನಾನು. “ಪೂರ್ವ” ಎಂದೆ. ಸುಳ್ಳಲ್ಲ ಸ್ವಾಮೀ. ನಮ್ಮಲ್ಲಿ ಮನೆಯ ದಿಕ್ಕು ಕೇಳಿದರೆ ಬಾಗಿಲಿನ ದಿಕ್ಕು ಹೇಳುತ್ತಾರೆ. ಸಂಬಂಧ ಬೆಳೆಸಲು ಬಂದವರೂ ಅದನ್ನೇ ಕೇಳುತ್ತಾರೆ, ಬಾಡಿಗೆಗೆ ಬಂದವರೂ ಅದನ್ನೇ ಕೇಳುತ್ತಾರೆ. ನನ್ನದು ಪೂರ್ವದ ಬಾಗಿಲು. ಹೇಳುವಾಗ ಧ್ವನಿಯಲ್ಲಿ ತುಸು ಜಂಬವೂ ಇತ್ತೆಂದು ಒಪ್ಪುತ್ತೇನೆ. ಹಿಂದೆ ನಿಂತಿದ್ದವರಿಗೆಲ್ಲ ಆ ಪ್ರಶ್ನೆಯ ಅರ್ಥ ಇದೇ ಎಂದು ತೋರಿಸಿಕೊಟ್ಟ ಮಹಾನುಭಾವ ನಾನೇ. ಈಗ ನೋಡಿ: ನಮ್ಮೂರ ರಸ್ತೆ ತೆಂಕಣದಿಂದ ಬಡಗಣಕ್ಕೆ ಹೋಗುತ್ತದೆ, ಮನೆಗಳೆಲ್ಲ ರಸ್ತೆಗೆ ಮುಖ ಮಾಡಿವೆ. ರಸ್ತೆಯ ಪಶ್ಚಿಮ ಬದಿಯಲ್ಲಿರುವ ನಮ್ಮ ಬಾಗಿಲುಗಳು ಪೂರ್ವಕ್ಕೆ, ಪೂರ್ವ ಬದಿಯವರ ಬಾಗಿಲುಗಳು ಪಶ್ಚಿಮಕ್ಕೆ. ಬಾಗಿಲು ನೋಡುತ್ತಿದ್ದ ದಿಕ್ಕನ್ನೇ ತಮ್ಮವರು ಮನೆ ಇರುವ ದಿಕ್ಕೆಂದು ಬರೆದುಕೊಂಡರು. ಎದ್ದು ಹತ್ತು ಹೆಜ್ಜೆ ನಡೆದು ಕಿಟಕಿಯಿಂದ ಹೊರಗೆ ನೋಡಿದ್ದರೆ ಸಾಕಿತ್ತು. ಆದರೆ ಫ್ಯಾನು ಒಂದೇ ಇತ್ತು.

ಆದೇಶ ಬಂದ ಮೇಲೆ ಚೇತನಾಳ ಅತ್ತೆ ಮಂಜಿಯನ್ನು ಕೇಳಿದೆ, ನೀನೇನು ಹೇಳಿದ್ದೆ ಎಂದು.

“ಎಂತ ಹೇಳುದು ಮಾರಾಯಾ? ಮನೆ ಯಾವ ದಿಕ್ಕು ಅಂದ. ಪಡುವಕ್ಕೆ ಅಂದೆ. ಬಾಗಿಲು ಒಂದ್ ಬದಿಗೆ ಇದ್ರೆ ಮನೆ ಇನ್ನೊಂದ್ ಬದಿಗೆ ಇರ್ತದನ?”

ಈ ಪ್ರಶ್ನೆಗೆ ತಮ್ಮ ಕಚೇರಿಯ ಪಟ್ಟಿ ಉತ್ತರ ಕೊಟ್ಟಿದೆ: ಇರುತ್ತದೆ.

ಇನ್ನು ಅಂಗನವಾಡಿಯ ವಿಷಯ. ಅದು ಸರಕಾರದ ಕಟ್ಟಡ. ಅದನ್ನು ಯಾರೂ ಬಾಗಿಲು ಕೇಳಲಿಲ್ಲ. ಉಪಗ್ರಹದಿಂದ ನೋಡಿ ಸರಿಯಾಗಿ ಪೂರ್ವಕ್ಕೆ ಹಾಕಿದ್ದಾರೆ. ಅದಕ್ಕೂ ಚೇತನಾಳ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಹಳೆಯ ಶಿಕ್ಷಕಿ ನಿವೃತ್ತರಾಗಿ ಹುದ್ದೆ ಖಾಲಿಯಾಯಿತು. ಅಂಗನವಾಡಿ ಇರುವ ವಾರ್ಡಿನವರೇ ಅರ್ಜಿ ಹಾಕಬೇಕೆಂಬುದು ನಿಯಮ. ಪಿಯುಸಿ ಓದಿರುವ ಚೇತನಾ ಹಾಕಿದಳು. ಹಳೆಯ ಶಿಕ್ಷಕಿ ರಜೆ ಹಾಕಿದಾಗಲೆಲ್ಲ ಮಕ್ಕಳನ್ನು ನೋಡಿಕೊಂಡವಳು ಅವಳೇ. ಯಾವ ಮಗುವಿಗೆ ಬೆಲ್ಲವಿಲ್ಲದೆ ಅನ್ನ ಇಳಿಯುವುದಿಲ್ಲ, ಯಾವುದು ಮಲಗುವಾಗ ಯಾರ ಸೆರಗು ಹಿಡಿಯುತ್ತದೆ, ಎಲ್ಲ ಅವಳಿಗೆ ಗೊತ್ತು. ಅರ್ಜಿ ವಾಪಸು ಬಂತು: ‘ಅನ್ಯ ವಾರ್ಡಿನ ನಿವಾಸಿ.’

ಅವಳ ಜೊತೆ ನಾನೂ ಕಚೇರಿಗೆ ಹೋದೆ. ಕೌಂಟರಿನಲ್ಲಿದ್ದವರು ಸಭ್ಯರು. ಕುರ್ಚಿ ಕೊಟ್ಟರು, ನೀರು ಕೊಟ್ಟರು, ಉತ್ತರ ಕೊಡಲಿಲ್ಲ.

“ಸರ್, ಗೋಡೆ ಒಂದೇ ಸರ್” ಎಂದಳು ಚೇತನಾ. “ಆಚೆ ಮಕ್ಕಳು ಅತ್ರೆ ಈಚೆ ನಂಗೆ ಯಾವ ಮಗು ಅಂತ ಗೊತ್ತಾಗ್ತದೆ.”

“ಗೋಡೆ ನಮ್ಮ ದಾಖಲೆಯಲ್ಲಿ ಬರೋದಿಲ್ಲಮ್ಮ. ನಿಮ್ಮದು ಪಶ್ಚಿಮ.”

“ನಮ್ಮ ಹಿತ್ತಲಲ್ಲೇ ಸೂರ್ಯ ಹುಟ್ಟೂದು ಸರ್.”

“ಅದು ನಮ್ಮ ಇಲಾಖೆಗೆ ಸಂಬಂಧಪಟ್ಟಿದ್ದಲ್ಲ.”

ಮಾನ್ಯರೇ, ಅಂದಿನಿಂದ ನನಗೆ ನಿದ್ದೆ ಕಡಿಮೆ, ಅನುಮಾನ ಹೆಚ್ಚು. ಮೊದಲು ಇದೊಂದು ಪಿತೂರಿ ಎಂದುಕೊಂಡೆ. ಪಿತೂರಿಗೆ ಶ್ರಮ ಬೇಕು, ಓಡಾಟ ಬೇಕು. ತಮ್ಮ ಕಚೇರಿಯ ಮೇಲೆ ಅಂಥ ಆರೋಪ ಹೊರಿಸಲು ಮನಸ್ಸು ಬರಲಿಲ್ಲ. ಆಮೇಲೆ ಇನ್ನೂ ದೊಡ್ಡ ಅನುಮಾನ ಬಂತು. ಒಂದು ಊರನ್ನೇ ಹೀಗೆ ಮಾಡಿದ್ದಾರೆಂದರೆ, ಇಡೀ ಜಗತ್ತನ್ನು ಪೂರ್ವ, ಪಶ್ಚಿಮ ಎಂದು ಸೀಳಿದವರು ಎಷ್ಟು ಎದ್ದು ಓಡಾಡಿದ್ದರು? ಅವರೂ ಎಲ್ಲೋ ಕೂತಲ್ಲೇ ಕೂತು ಬರೆದುಕೊಂಡದ್ದಲ್ಲವೇ?

ಗ್ರಂಥಾಲಯದಲ್ಲಿ ಹುಡುಕಿದೆ. ಅನುಮಾನ ನಿಜವಾಗುತ್ತ ಹೋಯಿತು. ನಮ್ಮ ‘ಪೂರ್ವ’ ಎಂಬ ಪದದ ಮೂಲ ಅರ್ಥ ಮುಂದಿನದು, ‘ಪಶ್ಚಿಮ’ ಎಂದರೆ ಹಿಂದಿನದು, ‘ದಕ್ಷಿಣ’ ಎಂದರೆ ಬಲಗಡೆಯದು. ಅಂದರೆ ಯಾರೋ ಒಬ್ಬ ಮಹಾಶಯ ಉದಯಸೂರ್ಯನಿಗೆ ಮುಖ ಮಾಡಿ ನಿಂತಿದ್ದ. ಅವನ ಬೆನ್ನ ಹಿಂದಿದ್ದವರೆಲ್ಲ ಶಾಶ್ವತವಾಗಿ ಪಶ್ಚಿಮದವರಾದರು. ಅವನು ಬೆನ್ನು ತುರಿಸಿಕೊಳ್ಳಲು ಆಚೆ ತಿರುಗಿದ್ದರೆ? ಕನ್ನಡದ ಮೂಡಣ, ಪಡುವಣಗಳಾದರೂ ವಾಸಿ. ಸೂರ್ಯ ಮೂಡುವ ಕಡೆ, ಪಡುವ ಕಡೆ ಎಂದು ನೇರ ಲೆಕ್ಕ. ಲ್ಯಾಟಿನ್ನಿನವರ ಪದಗಳೂ ಹೀಗೇ, ಏಳುವುದು ಮತ್ತು ಬೀಳುವುದು. ಏಷ್ಯಾ, ಯೂರೋಪು ಎಂಬ ಹೆಸರುಗಳೂ ಹಳೆಯ ಮೆಸೊಪೊಟೇಮಿಯಾದ ಇಂಥವೇ ಎರಡು ಪದಗಳಿಂದ ಬಂದವೆಂದು ಕೆಲವು ಪಂಡಿತರು ಹೇಳುತ್ತಾರೆ, ಉಳಿದವರು ಒಪ್ಪುವುದಿಲ್ಲ. ನಾನು ಇಬ್ಬರನ್ನೂ ನಂಬಿಲ್ಲ.

ಆದರೆ ಸೂರ್ಯನಿಂದ ಇಷ್ಟು ಜಗಳ ಹುಟ್ಟಲು ಸಾಧ್ಯವಿಲ್ಲ. ಜಗಳಕ್ಕೆ ಕಚೇರಿ ಬೇಕು. ರೋಮಿನ ಸಾಮ್ರಾಜ್ಯ ಒಬ್ಬರ ಕೈಗೆ ಸಿಗದಷ್ಟು ಬೆಳೆದಾಗ ಆಡಳಿತದ ಅನುಕೂಲಕ್ಕೆಂದು ಭಾಗ ಮಾಡಿದರು. ಆಮೇಲೆ ಒಬ್ಬ ದೊರೆ ತೀರಿಕೊಂಡಾಗ ಹಿರಿಮಗನಿಗೆ ಪೂರ್ವ, ಕಿರಿಮಗನಿಗೆ ಪಶ್ಚಿಮ ಎಂದಾಯಿತು. ನಮ್ಮಲ್ಲಿ ಗದ್ದೆ ಹಿಸ್ಸೆ ಮಾಡಿಕೊಳ್ಳುವ ಹಾಗೆ. ‘ಆಡಳಿತದ ಅನುಕೂಲಕ್ಕಾಗಿ’ ಎಂಬ ಮಾತು ತಮ್ಮ ಆದೇಶದ ಮೊದಲ ಸಾಲಿನಲ್ಲೂ ಇದೆ, ದಯವಿಟ್ಟು ಗಮನಿಸಿ. ಏಳುನೂರು ವರ್ಷ ಕಳೆಯುವುದರೊಳಗೆ ಅದೇ ಎರಡು ಕಡೆಯ ಪಾದ್ರಿಗಳು, ಪೂಜೆಯ ರೊಟ್ಟಿಯ ಹಿಟ್ಟು ಹುಳಿ ಬಂದಿರಬೇಕೋ ಬಾರದೋ ಎಂಬುದನ್ನೂ ಸೇರಿಸಿ ಹತ್ತು ವಿಷಯಕ್ಕೆ ಜಗಳವಾಡಿ ಒಬ್ಬರಿಗೊಬ್ಬರು ಬಹಿಷ್ಕಾರ ಹಾಕಿಕೊಂಡರು. ಮೊದಲು ಗೆರೆ ಬಂತು. ಗೆರೆಯ ಎರಡೂ ಕಡೆ ಎಂಥೆಂಥ ಜನ ಇದ್ದಾರೆ ಎಂಬುದನ್ನು ಆಮೇಲೆ ಕಂಡುಹಿಡಿದರು.

ಹಡಗಿನವರ ಕಾಲ ಬಂದಮೇಲಂತೂ ಕೇಳಲೇಬೇಡಿ. ಲಂಡನ್ನಿನಲ್ಲಿ ಕುರ್ಚಿ ಹಾಕಿಕೊಂಡು ಸಮೀಪ ಪೂರ್ವ, ಮಧ್ಯ ಪೂರ್ವ, ದೂರ ಪೂರ್ವ ಎಂದು ಬರೆದಿಟ್ಟರು. ಯಾರ ಮನೆಯಿಂದ ದೂರ? ಜಪಾನಿನವನು ತನ್ನ ಮನೆಗೇ ದೂರವೇ? ಮೊರಾಕ್ಕೊ ದೇಶದ ಅರಬ್ಬಿ ಹೆಸರಿನ ಅರ್ಥವೇ ‘ಪಡುವಣ’. ಲಂಡನ್ನಿಗಿಂತಲೂ ಪಶ್ಚಿಮಕ್ಕೆ ಇದೆ. ಆದರೂ ಅಲ್ಲಿಯವರನ್ನು ಪೌರ್ವಾತ್ಯರ ಪಟ್ಟಿಯಲ್ಲಿ ಬರೆದರು. ಹಳೆಯ ಚೀನಾದ ಭಿಕ್ಷುಗಳು ಧರ್ಮಗ್ರಂಥ ಹುಡುಕಿಕೊಂಡು ‘ಪಶ್ಚಿಮ’ಕ್ಕೆ ಹೋದರಂತೆ. ಎಲ್ಲಿಗೆ ಅಂದುಕೊಂಡಿರಿ? ನಮ್ಮಲ್ಲಿಗೆ! ಪಾಶ್ಚಾತ್ಯ ಸಂಸ್ಕೃತಿಯಿಂದ ಮಕ್ಕಳು ಹಾಳಾಗುತ್ತಾರೆ ಎಂದು ಪ್ರತಿ ಶಾಲಾ ವಾರ್ಷಿಕೋತ್ಸವದಲ್ಲೂ ಭಾಷಣ ಮಾಡಿದವನು ನಾನು. ಈಗ ಅದನ್ನು ಚೀನೀಯರಿಗೆ ಯಾವ ಮುಖದಿಂದ ಹೇಳಲಿ?

ದೂರದ ಮಾತು ಬಿಡಿ. ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಹೋಗಿ ಕೇಳಿ. ಅಲ್ಲಿಯವರಿಗೆ ಪಶ್ಚಿಮ ಘಟ್ಟ ಇರುವುದು ಪೂರ್ವಕ್ಕೆ. ದಿನಾ ಬೆಳಿಗ್ಗೆ ಸೂರ್ಯ ಹುಟ್ಟುವುದೇ ಪಶ್ಚಿಮ ಘಟ್ಟದಿಂದ. ಶಿರಸಿ ಪೇಟೆಯವರಿಗೆ ನಾವು ಮೂಡಲ ಕಡೆಯವರು, ಬಯಲಿನವರು. ಅದೇ ಹಾನಗಲ್ಲಿಗೆ ಹೋದರೆ “ಇವ್ರು ಪಡುವಣದ ಕಾಡಿನವ್ರು” ಎನ್ನುತ್ತಾರೆ. ನಾವು ಕೂತಲ್ಲೇ ಇದ್ದೇವೆ ಮಾನ್ಯರೇ. ನೋಡುವವರ ಬಾಗಿಲುಗಳು ಬೇರೆ ಬೇರೆ.

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ತಮ್ಮ ಆದೇಶ ಬಂದು ಆರು ತಿಂಗಳು ತುಂಬಿಲ್ಲ, ಊರಿನಲ್ಲಿ ಆಗಲೇ ಎರಡು ನಾಗರಿಕತೆಗಳು ಬೆಳೆದಿವೆ. ಮೊನ್ನೆ ನಮ್ಮ ಬದಿಯ ಚಹಾದಂಗಡಿಯ ಜಟ್ಟಪ್ಪ ಸೋಸಣಿಗೆ ಕುಟ್ಟುತ್ತ ತತ್ವ ಹೇಳಿದ:

“ನಮ್ಮ ಪೂರ್ವದ ಮಂದಿ ಮೊದಲಿಂದನೂ ಸಮಾಧಾನದವ್ರು ನೋಡ್ರಿ ಚನ್ನಬಸಣ್ಣ. ಆ ಪಶ್ಚಿಮದವ್ರಿಗೆ ಎಲ್ಲಾದಕ್ಕೂ ಅವಸರ. ಚಾ ಸೈತ ನಿಂತ ಕುಡೀತಾರ.”

“ನಿನ್ನ ಅಂಗಡ್ಯಾಗ ಬೆಂಚ್ ಒಂದೇ ಐತಿ, ಅದ್ರ ಮ್ಯಾಲೆ ನಾವು ಕುಂತೀವಿ. ಅವ್ರು ನಿಲ್ಲದ ಏನ್ ಮಾಡ್ಬೇಕೋ?” ಎಂದೆ.

“ನೋಡ್ರಿ, ನೀವು ಪೂರ್ವದವ್ರಾಗಿ ಅವ್ರ ಪರ ಮಾತಾಡ್ತೀರಿ. ನಿಮ್ಮ ಮ್ಯಾಲೆ ನಮಗ ಡೌಟ್ ಐತಿ.”

ಲೋಟ ಕೆಳಗಿಟ್ಟು ಬಂದೆ. ಈ ಜಟ್ಟಪ್ಪನ ಹೆಂಡತಿಯ ತವರು ರಸ್ತೆಯ ಆಚೆ ಬದಿಗೇ ಇದೆ. ಅವಳು ಈಗ ಅಂತರರಾಷ್ಟ್ರೀಯ ವಿವಾಹವಾದವಳು ಎಂಬುದು ಅವನಿಗಿನ್ನೂ ಹೊಳೆದಿಲ್ಲ.

ತಮಗೂ ನನ್ನ ಮೇಲೆ ಅನುಮಾನ ಬರಬಹುದು: ಇವನಿಗೇನು ಲಾಭ? ಹೇಳಿಬಿಡುತ್ತೇನೆ. ತಮ್ಮ ತಪ್ಪಿನಿಂದ ಲಾಭವಾಗುವುದಿದ್ದರೆ ನನ್ನ ಮನೆಗೇ. ನನ್ನ ತಮ್ಮನ ಮಗಳು ರಕ್ಷಿತಾ ಕಾಗದದ ಮೇಲೆ ಪೂರ್ವದವಳು, ಓದಿದವಳು, ಆ ಕೆಲಸಕ್ಕೆ ಅರ್ಹಳು. ತಮ್ಮ ಕೌಂಟರಿನವರೇ ಅವಳ ಹೆಸರು ಸೂಚಿಸಿದರು. ಮನೆಗೆ ಬಂದು ಹೇಳಿದರೆ ಹುಡುಗಿ ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಅಂದಳು:

“ದೊಡ್ಡಪ್ಪಾ, ಆ ಹುಡುಗ್ರು ನನ್ನ ನೋಡಿದ ಕೂಡ್ಲೆ ಚೇತನಕ್ಕ ಎಲ್ಲಿ ಅಂತ ಅಳಾಕ ಶುರು ಮಾಡ್ತಾವ. ನಾ ಹೋಗಿ ಬಾಗಲಾ ಕಾಯ್ಲಿ? ಅಕಿ ಕೆಲ್ಸಾ ಅಕಿಗೇ ಕೊಡಸ್ರಿ. ನಿಮ್ಮ ಬಾಯಿಂದ ಶುರುವಾದದ್ದಲ್ಲಾ ಇದು?”

ಈ ಕೊನೆಯ ಮಾತು ನಾಟಿದ್ದರಿಂದಲೇ ಈ ಪತ್ರ.

ಇನ್ನು ಬೇಡಿಕೆ. ತಾವು ಒಂದು ದಿನ ಬೆಳಿಗ್ಗೆ ಎಂಟರೊಳಗೆ ಜೋಡಿಕೊಪ್ಪಕ್ಕೆ ಬರಬೇಕು. ಕುಳಿತುಕೊಳ್ಳಬಾರದು. ರಸ್ತೆಯ ನಡುವೆ ನಿಂತು ಬಿಸಿಲು ಯಾವ ಕೆನ್ನೆಗೆ ತಾಗುತ್ತದೆಂದು ನೋಡಿ, ಪಟ್ಟಿಯಲ್ಲಿ ಪೂರ್ವ ಇದ್ದಲ್ಲಿ ಪಶ್ಚಿಮ, ಪಶ್ಚಿಮ ಇದ್ದಲ್ಲಿ ಪೂರ್ವ ಎಂದು ತಿದ್ದಬೇಕು. ಚೇತನಾಳ ಅರ್ಜಿಯನ್ನು ಮತ್ತೆ ತೆಗೆದುಕೊಳ್ಳಬೇಕು. ಜಗತ್ತಿನ ಗೆರೆಯನ್ನು ತಾವು ಅಳಿಸಲಾರಿರಿ, ಅದಕ್ಕೆ ಬಹಳ ತಡವಾಗಿದೆ. ನಮ್ಮೂರದು ಇನ್ನೂ ಪೆನ್ಸಿಲ್ಲಿನಲ್ಲೇ ಇದೆಯೆಂದು ಕೌಂಟರಿನವರು ಹೇಳಿದ್ದಾರೆ. ಸೋಮವಾರ ಸಂಜೆಯವರೆಗೆ ತಕರಾರು ಬರದಿದ್ದರೆ ಶಾಯಿ ಹಾಕುತ್ತಾರಂತೆ.

ತಕರಾರು ಬರೆದು ಒಯ್ದದ್ದೂ ಆಯಿತು. ಅದಕ್ಕೊಂದು ನಿಯಮ ತೋರಿಸಿ ವಾಪಸು ಕೊಟ್ಟರು: ಎರಡು ವಾರ್ಡುಗಳ ನಡುವಿನ ವಿವಾದವಾದ್ದರಿಂದ ಇಬ್ಬರು ನಿಷ್ಪಕ್ಷಪಾತ ಸಾಕ್ಷಿಗಳ ಸಹಿ ಬೇಕು, ಸಾಕ್ಷಿಗಳು ಪೂರ್ವದವರೂ ಆಗಿರಬಾರದು, ಪಶ್ಚಿಮದವರೂ ಆಗಿರಬಾರದು. ಎರಡೂವರೆ ಸಾವಿರ ವರ್ಷಗಳಿಂದ ಇಡೀ ಭೂಮಂಡಲದಲ್ಲಿ ಅಂಥವರು ಸಿಕ್ಕಿಲ್ಲ. ಆದರೆ ಸಿದ್ದಾಪುರ, ಯಲ್ಲಾಪುರದ ಕಡೆ ಈ ಪತ್ರಿಕೆ ಓದುವವರು ಇದ್ದಾರೆ, ಅವರಿಗೆ ನಮ್ಮೂರಿನ ಯಾವ ಬದಿಯ ಸಂಬಂಧವೂ ಇಲ್ಲ. ಓದುಗರಲ್ಲಿ ಯಾರಾದರೂ ಇಬ್ಬರು ಸೋಮವಾರ ಬೆಳಿಗ್ಗೆಯ ಬನವಾಸಿ ಬಸ್ಸಿಗೆ ಬಂದು ಜೋಡಿಕೊಪ್ಪದ ಸ್ಟಾಪಿನಲ್ಲಿ ಇಳಿಯಿರಿ. ಚೇತನಾ ಅಲ್ಲೇ ತಕರಾರು ಅರ್ಜಿ ಹಿಡಿದು ನಿಂತಿರುತ್ತಾಳೆ. ತಿಂಡಿ ನಮ್ಮನೆಯಲ್ಲಿ. ಆಧಾರ್ ಕಾರ್ಡಿನ ಜೆರಾಕ್ಸ್ ಮಾತ್ರ ಅಲ್ಲಿಂದಲೇ ಮಾಡಿಸಿಕೊಂಡು ಬನ್ನಿ. ನಮ್ಮ ಎರಡೂ ವಾರ್ಡುಗಳಲ್ಲಿ ಆ ಯಂತ್ರ ಇಲ್ಲ.

ಇಂತಿ,
ಒಂದು ಪ್ರಶ್ನೆಗೆ ಅವಸರದಲ್ಲಿ ಉತ್ತರ ಕೊಟ್ಟು ಊರು ತಿರುಗಿಸಿದ,
ಚನ್ನಬಸವ
ಜೋಡಿಕೊಪ್ಪ (ಯಾವ ಕಡೆ ಎಂಬುದನ್ನು ತಾವೇ ತುಂಬಿಕೊಳ್ಳಿ, ಪೆನ್ಸಿಲ್ಲಿನಲ್ಲಿ)