ಹಾಳೆ ತಪ್ಪಿದ ಪದ್ಯ

ರೀ,

ಟೋಕನ್ ತೆಗೆದುಕೊಳ್ಳಲು ಜಯನಗರದ ಕಣ್ಣಾಸ್ಪತ್ರೆಗೆ ಮುಂಚೆಯೇ ಹೋಗುತ್ತಿದ್ದೇನೆ. ನಿಮ್ಮ ಜೊತೆ ಆಟೋದಲ್ಲಿ ಕೂತರೆ ದಾರಿಯಲ್ಲೇ ಜಗಳವಾಗುತ್ತದೆ.

ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ. ತಿಂದು ಶುಗರ್ ಮಾತ್ರೆ ನುಂಗಿ. ಈಗಲೇ ತಲೆಗೆ ಸ್ನಾನ ಮಾಡಿಬಿಡಿ, ಇಂಜೆಕ್ಷನ್ ಆದ ಮೇಲೆ ಕಣ್ಣಿಗೆ ನೀರು ಸೋಕಬಾರದು. ಕಣ್ಣಿಗೆ ಬಿಟ್ಟುಕೊಳ್ಳಲು ನಿಮ್ಮಕ್ಕ ಕೊಟ್ಟ ನಂದಿಬಟ್ಟಲ ಹೂವಿನ ರಸವನ್ನು ಬಚ್ಚಲಿಗೆ ಚೆಲ್ಲಿದ್ದೇನೆ, ಹುಡುಕಬೇಡಿ.

ದಿನಾ ಸಂಜೆ ನೀವು ಓದುವ ಪುರಾಣದಲ್ಲಿ ಯಾವ ಪದ್ಯದ ನಡುವೆ ಹಾಳೆ ತಿರುಗುತ್ತದೆ ಎಂದು ನನ್ನ ಕಿವಿಗೆ ಗೊತ್ತು. ನಿನ್ನೆ ಪದ್ಯ ತಪ್ಪಲಿಲ್ಲ, ಹಾಳೆ ತಿರುವುವ ಜಾಗ ತಪ್ಪಿತು. ದೇವರ ಮುಂದೆ ಕನ್ನಡಕ ಏರಿಸಿಕೊಂಡು ಬಾಯಿಪಾಠ ಒಪ್ಪಿಸಿದಿರಿ.

ಬೆಳಿಗ್ಗೆ ಹಾಲಿಗೆ ಹೋದಾಗ ಪಿಳ್ಳಣ್ಣನನ್ನು ಹಿಡಿದು ಕೇಳಿದೆ. ಹೋದ ತಿಂಗಳು ನೀವು ಆಸ್ಪತ್ರೆಗೇ ಹೋಗಿಲ್ಲ, ಅವನ ಅಂಗಡಿಯಲ್ಲಿ ಕೂತಿದ್ದಿರಿ. ಕಣ್ಣಿಗೆ ಹತ್ತಿ ಅಂಟಿಸಿಕೊಂಡು ಬಂದು "ಇಂಜೆಕ್ಷನ್ ಆಯ್ತು ಕಣೇ, ವಿಪರೀತ ಉರಿ" ಅಂದಿರಿ. ನಾನು ಪೆದ್ದಿಯ ಹಾಗೆ ಗಂಜಿ ಮಾಡಿಕೊಟ್ಟೆ. ಕಣ್ಣಿನ ಒಳಪರದೆಯ ಊತ ಇಳಿಯದಿದ್ದರೆ ಹೋದ ದೃಷ್ಟಿ ವಾಪಸ್ ಬರುವುದಿಲ್ಲ ಎಂದು ಡಾಕ್ಟರು ನಿಮ್ಮೆದುರೇ ಹೇಳಲಿಲ್ಲವೇ? ಸೂಜಿಗೆ ಹೆದರಿದ್ದರೆ ಹೆದರಿದೆ ಅನ್ನಬೇಕಿತ್ತು.

ಹನ್ನೊಂದಕ್ಕೆ ದೇವರಾಜ ಆಟೋ ತರುತ್ತಾನೆ, ಸುಮ್ಮನೆ ಹತ್ತಿ ಬನ್ನಿ. ಇಲ್ಲದಿದ್ದರೆ ಇನ್ನು ನಾನು ಪುರಾಣ ಕೇಳಲು ಕೂರುವುದಿಲ್ಲ. ಗೋಡೆಗೆ ಓದಿ ಹೇಳಿ.

ದಪ್ಪ ಅಕ್ಷರದಲ್ಲೇ ಬರೆದಿದ್ದೇನೆ. ಕಾಣದಿದ್ದರೆ ಮಹಡಿಮನೆ ತೇಜಸ್ವಿನಿಯ ಹತ್ತಿರ ಓದಿಸಿಕೊಳ್ಳಿ, ಅವಳಿಗೂ ತಿಳಿಯಲಿ. ಇದು ನಿಮಗೆ ಬಾಯಿಪಾಠ ಇಲ್ಲ.

ರುದ್ರಮ್ಮ